ಮಣ್ಣಿನ ರನ್‌ವೇಯ ಜಮಾಖರ್ಚು

2004ರ ಏಪ್ರಿಲ್ 17ರಂದು ಬೆಂಗಳೂರಿನ ಜಕ್ಕೂರಿನಿಂದ ಮೇಲೇರಿದ ಪುಟ್ಟ ಸೆಸ್ನಾ ವಿಮಾನ ಸ್ವಲ್ಪದರಲ್ಲೇ ಬಿದ್ದು, ನಟಿ ಸೌಂದರ್ಯ ಸೇರಿ ನಾಲ್ವರು ತೀರಿಕೊಂಡದ್ದು ನಿಮಗೆ ನೆನಪಿರಬಹುದು. ನೆಲ ಬಿಡುವ ಗಳಿಗೆಯೇ ಅಷ್ಟು ನಾಜೂಕು.

ಖಾಸಗಿ ಜಮೀನಿನ ಮಣ್ಣಿನ ರನ್‌ವೇಯಲ್ಲಿ ಲೆಕ್ಕ ಇನ್ನೂ ಬಿಗಿ. ಉತ್ತ ಹೊಲದಲ್ಲಿ ಸೈಕಲ್ ತುಳಿದು ನೋಡಿ. ಮೆತ್ತನೆ ಮಣ್ಣು ಚಕ್ರವನ್ನು ಹಿಡಿಯುತ್ತದೆ. ನಮ್ಮ ಹೊಸೂರು ಸುಮಾರು 3,000 ಅಡಿ ಎತ್ತರದಲ್ಲಿದೆ. ಇಂಥಲ್ಲಿ ಗಾಳಿ ತೆಳು. ಬಿಸಿಲೇರಿದರೆ ಮತ್ತೂ ತೆಳು. ಎಂಜಿನ್ನಿನ ಬಲ, ರೆಕ್ಕೆಯ ಎತ್ತುವ ಶಕ್ತಿ ಎರಡೂ ಕುಗ್ಗುತ್ತವೆ.

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನ್ನ ಲೆಕ್ಕದಲ್ಲಿ ರನ್‌ವೇ ಉದ್ದ ಜಮೆ. ಮಣ್ಣು, ಬಿಸಿಲು, ಭಾರ ಖರ್ಚು. ಅರ್ಧ ರನ್‌ವೇ ಕಳೆದರೂ ಮೇಲೇಳುವ ವೇಗದಲ್ಲಿ ಶೇಕಡಾ 70 ಬಾರದಿದ್ದರೆ ಅಲ್ಲೇ ನಿಲ್ಲಿಸಬೇಕೆಂಬುದು ಪೈಲಟ್‌ಗಳ ರೂಢಿಯ ನಿಯಮ. ನಿಲ್ಲುವ ಆ ಜಾಗವನ್ನು ಹೊರಡುವ ಮೊದಲೇ ಗುರುತು ಮಾಡಿಕೊಂಡಿರಬೇಕು.