ಜೇನುಪೆಟ್ಟಿಗೆಗೂ ನೆರೆಹೊರೆ ಬೇಕು

ಹಂಪಿಯ ಹೆಬ್ಬಂಡೆಗಳ ಕೆಳಮೈಯಲ್ಲಿಯೂ ಗೋಪುರಗಳ ಮರೆಯಲ್ಲಿಯೂ ತೂಗುವ ಹೆಜ್ಜೇನಿನ ಹುಟ್ಟುಗಳು ನಮ್ಮ ಭಾಗದವರಿಗೆ ಅಪರಿಚಿತವಲ್ಲ. ಸಂಡೂರಿನ ಬೆಟ್ಟಸಾಲಿಗೂ ದರೋಜಿಯ ಕರಡಿಗಳಿಗೂ ಜೇನಿನೊಡನೆ ಇರುವ ನಂಟು ಹಳೆಯದು. ಆದರೆ ಬಯಲಿನಲ್ಲಿ ಹುಟ್ಟು ಕಟ್ಟುವ ಹೆಜ್ಜೇನು ಪೆಟ್ಟಿಗೆಗೆ ಒಗ್ಗುವುದಿಲ್ಲ. ಋತುವಿಗೆ ತಕ್ಕಂತೆ ಬಂದು ಹೋಗುವ ಅತಿಥಿ ಅದು. ಸಾಕಲು ಬರುವುದು ಕತ್ತಲೆಯ ಪೊಟರೆಯಲ್ಲಿ ಹಲವು ಎರಿ ಕಟ್ಟುವ ತುಡುವೆ ಜೇನು ಮತ್ತು ಹೊರನಾಡಿನಿಂದ ತರಲಾದ ಮೆಲ್ಲಿಫೆರಾ ಜೇನು.

ಈ ತುಡುವೆಗೆ ದಕ್ಷಿಣ ಭಾರತದಲ್ಲಿ ಹದವಾದ ಮನೆ ಕಟ್ಟಿಕೊಟ್ಟವರು ಒಬ್ಬ ಕಥೋಲಿಕ ಗುರುಗಳೆಂಬುದು ನಮ್ಮ ಕುಟುಂಬಗಳಲ್ಲಿ ಅನೇಕರಿಗೆ ತಿಳಿದಿರಲಾರದು. ತಿರುಚಿರಾಪಳ್ಳಿಯ ಸಂತ ಜೋಸೆಫರ ಕಾಲೇಜಿನಲ್ಲಿದ್ದ ಯೇಸುಸಭೆಯ ಫಾದರ್ ನ್ಯೂಟನ್ ಅವರು 1910ರ ಆಸುಪಾಸಿನಲ್ಲಿ, ಎರಿಗಳನ್ನು ಚೌಕಟ್ಟುಸಹಿತ ಹೊರತೆಗೆದು ನೋಡಬಹುದಾದ ಚಿಕ್ಕ ಪೆಟ್ಟಿಗೆಯೊಂದನ್ನು ರೂಪಿಸಿ, ಮುಂದಿನ ಕೆಲವು ವರ್ಷಗಳ ಕಾಲ ಹಳ್ಳಿಗರಿಗೆ ಜೇನು ಸಾಕಣೆಯ ತರಬೇತಿ ನೀಡಿದರು. ನ್ಯೂಟನ್ ಪೆಟ್ಟಿಗೆ ಎಂಬ ಹೆಸರು ಇಂದಿಗೂ ಬಳಕೆಯಲ್ಲಿದೆ. ಅವರು ಮರಗೆಲಸವನ್ನಷ್ಟೇ ಮಾಡಿ ಸುಮ್ಮನಿದ್ದಿದ್ದರೆ ಆ ಪೆಟ್ಟಿಗೆ ಕಾಲೇಜಿನ ಅಂಗಳ ದಾಟುತ್ತಿರಲಿಲ್ಲವೆಂದು ನನ್ನ ನಂಬಿಕೆ.

ಜೇನು ಸಾಕಣೆ ಒಂಟಿಯಾಗಿ ನಡೆಸುವ ಕಸುಬಲ್ಲ. ರಾಣಿ ಸತ್ತ ಕುಟುಂಬವನ್ನೇ ನೋಡಿ. ಪೆಟ್ಟಿಗೆಯಲ್ಲಿ ಎಳೆಯ ಮೊಟ್ಟೆಯಾಗಲಿ ಮರಿಹುಳುವಾಗಲಿ ಇಲ್ಲದಿದ್ದರೆ ಹೊಸ ರಾಣಿಯನ್ನು ಬೆಳೆಸಲು ಆ ನೊಣಗಳಿಗೆ ದಾರಿಯಿಲ್ಲ. ಕೆಲವು ವಾರಗಳಲ್ಲಿ ಕೆಲಸಗಾರ ನೊಣಗಳೇ ಮೊಟ್ಟೆಯಿಡತೊಡಗುತ್ತವೆ. ಅವುಗಳಿಂದ ಹೊರಬರುವುದು ಬರಿಯ ಗಂಡುನೊಣಗಳು, ಕುಟುಂಬ ಅಳಿಯುತ್ತದೆ. ನೆರೆಯ ಸಾಕಣೆದಾರನು ಹೊಸ ಮೊಟ್ಟೆಗಳಿರುವ ಒಂದು ಎರಿಯನ್ನು ಸಕಾಲದಲ್ಲಿ ಕೊಟ್ಟರೆ ಸುಮಾರು 16 ದಿನಗಳೊಳಗೆ ಹೊಸ ರಾಣಿ ಹುಟ್ಟಬಲ್ಲಳು. ಆಕೆಯೂ ಆಕಾಶದಲ್ಲಿ ಕೂಡುವುದು ಬೇರೆ ಕುಟುಂಬಗಳ ಗಂಡುನೊಣಗಳೊಡನೆ. ಹತ್ತಿರದಲ್ಲಿ ಬೇರೆ ಜೇನಿಲ್ಲದ ಕಡೆ ರಾಣಿಯ ಸಂತತಿಯೇ ಸೊರಗುತ್ತದೆ.

ಆದರೆ ಇದೇ ಕೊಡು-ಕೊಳ್ಳುವಿಕೆಯು ಒಮ್ಮೆ ದೊಡ್ಡ ಅನಾಹುತದ ಹಾದಿಯೂ ಆಯಿತು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತವನ್ನು ಹೊಕ್ಕು ಕರ್ನಾಟಕ, ಕೇರಳಗಳ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ಅಳಿಸಿಹಾಕಿತು. ಮರಿಹುಳುಗಳು ಕೋಶಾವಸ್ಥೆಗೆ ಹೋಗುವ ಮುನ್ನವೇ ಸತ್ತು, ನೀರು ತುಂಬಿದ ಚೀಲದಂತೆ ಗೂಡಿನಲ್ಲಿ ಮಲಗಿರುತ್ತಿದ್ದವು. 1930ರ ದಶಕದಿಂದಲೇ ಜೇನು ಸಹಕಾರ ಸಂಘವನ್ನು ಕಂಡಿದ್ದ ಕೊಡಗಿನಲ್ಲಿಯೂ ಮನೆಯಂಗಳದ ಪೆಟ್ಟಿಗೆಗಳು ಬರಿದಾದವು. ಆ ರೋಗಕ್ಕೆ ಔಷಧವಿರಲಿಲ್ಲ. ಇಂದಿಗೂ ನಂಬಬಹುದಾದ ಔಷಧವಿಲ್ಲ. ರೋಗದ ಎರಿ, ಬಳಸಿದ ಪೆಟ್ಟಿಗೆ, ಊರಿಂದೂರಿಗೆ ಸಾಗಿಸಿದ ಕುಟುಂಬ, ಇವೆಲ್ಲವೂ ವೈರಸ್ಸಿಗೆ ವಾಹನಗಳು. ಕಾಯಿಲೆಯ ನಡುವೆಯೂ ಬದುಕುಳಿದ ಕುಟುಂಬಗಳನ್ನು ಗುರುತಿಸಿ, ಅವುಗಳಿಂದಲೇ ಸಂತಾನ ಬೆಳೆಸುವುದು ಜೇನುಗಾರರು ಕಂಡುಕೊಂಡ ಹಾದಿ. ಆದ್ದರಿಂದ ನೆರೆಯವನಿಂದ ಎರಿ ಪಡೆಯುವ ಮುನ್ನ ಅವನ ಪೆಟ್ಟಿಗೆಯ ಮರಿಗಳನ್ನು ಕಣ್ಣಾರೆ ನೋಡಬೇಕು. ಕೊಡುವವನೂ ತನ್ನ ಮನೆಯ ರೋಗವನ್ನು ಮುಚ್ಚಿಡಬಾರದು. ನಾಲ್ಕು ಪೆಟ್ಟಿಗೆ ಖಾಲಿಯಾದುದನ್ನು ಹೇಳಿಕೊಳ್ಳಲು ನಾಚುವ ಸ್ವಭಾವ ನಮ್ಮ ರೈತರಲ್ಲಿ ಇಲ್ಲದಿಲ್ಲ. ಈ ನಾಚಿಕೆಯೇ ಹತ್ತಾರು ಮನೆಗಳಿಗೆ ನಷ್ಟ ತರುತ್ತದೆ.

ಇನ್ನು ನಮ್ಮ ಬಯಲುಸೀಮೆಯ ಮಾತು. ಕೊಡಗಿನ ಪುಸ್ತಕಪಾಠ ಹೊಸಪೇಟೆಯ ಬೇಸಗೆಗೆ ಪೂರ್ತಿ ಹೊಂದುವುದಿಲ್ಲ. ಏಪ್ರಿಲ್ ತಿಂಗಳ ಬಿಸಿಲಿಗೆ ಮೇಣವೇ ಮೆತ್ತಗಾಗಿ ಎರಿ ಜೋತುಬೀಳುವುದುಂಟು. ಪೆಟ್ಟಿಗೆಗೆ ದಟ್ಟ ನೆರಳು, ಹತ್ತಿರದಲ್ಲಿ ನೀರು, ನೀರಿನೊಳಗೆ ನೊಣ ಕುಳಿತುಕೊಳ್ಳಲು ಒಂದೆರಡು ಕಡ್ಡಿ ಬೇಕು. ಕಾಲುಗಳ ಕೆಳಗೆ ನೀರಿನ ಬಟ್ಟಲಿಡದಿದ್ದರೆ ಇರುವೆಗಳ ಕಾಟ. ಕುಟುಂಬ ದುರ್ಬಲವಾದೊಡನೆ ಮೇಣದ ಪತಂಗ ಬಂದು ಎರಿಯೊಳಗೆ ಬಲೆ ನೇಯುತ್ತದೆ.

ಹೂವಿನ ಲೆಕ್ಕವನ್ನೂ ಒಬ್ಬನೇ ಇಡಲಾಗದು. ಕಂಪ್ಲಿಯ ಕಾಲುವೆ ಬಯಲಿನಲ್ಲಿ ಭತ್ತ, ಕಬ್ಬು, ಬಾಳೆ, ಒಣಭೂಮಿಯಲ್ಲಿ ಸೂರ್ಯಕಾಂತಿ, ಬೇಸಗೆಯಲ್ಲಿ ಬೇವು, ಹೊಂಗೆ, ಹುಣಸೆ. ಕಂಪ್ಲಿಯಲ್ಲಿ ಹೂವಿಲ್ಲದ ವಾರ ಸಂಡೂರಿನ ಕಡೆ ಹೂವಿರಬಹುದು. ಈ ಸುದ್ದಿ ಸಕಾಲದಲ್ಲಿ ತಲುಪಿದರೆ ಪೆಟ್ಟಿಗೆಗಳನ್ನು ರಾತ್ರಿ ಸಾಗಿಸಬಹುದು. ಇಲ್ಲವಾದರೆ ಸಕ್ಕರೆ ಪಾಕವೇ ಗತಿ. ಸೂರ್ಯಕಾಂತಿಯ ತೆನೆಯಲ್ಲಿ ಕಾಳು ಕಟ್ಟಲು ಜೇನ್ನೊಣ ಬೇಕೆಂಬುದನ್ನು ಬಲ್ಲ ರೈತ ಪೆಟ್ಟಿಗೆಯನ್ನು ಸಂತೋಷದಿಂದ ಬರಮಾಡಿಕೊಳ್ಳುತ್ತಾನೆ. ಆದರೆ ಪಕ್ಕದ ಹೊಲದವನು ಹೂವಿನ ಕಾಲದಲ್ಲಿ ಬೆಳಗಿನ ಹೊತ್ತು ಕೀಟನಾಶಕ ಸಿಂಪಡಿಸಿದರೆ ಸಂಜೆಗೆ ಪೆಟ್ಟಿಗೆಯ ಮುಂದೆ ಸತ್ತ ನೊಣಗಳ ರಾಶಿ ಬೀಳುತ್ತದೆ. ಹೂವಿನ ಕಾಲದಲ್ಲಿ ಸಿಂಪಡಣೆಯನ್ನು ಬಿಡುವುದೇ ಒಳಿತು. ಅನಿವಾರ್ಯವಾದರೆ ನೊಣಗಳು ಗೂಡು ಸೇರಿದ ಮೇಲೆ ಸಿಂಪಡಿಸುವುದು, ಹಿಂದಿನ ದಿನವೇ ಜೇನುಗಾರನಿಗೆ ಹೇಳಿ ಕಳುಹಿಸುವುದು, ಇಷ್ಟು ಒಪ್ಪಂದ ಸಾಕು. ಇದಕ್ಕೆ ಸರಕಾರದ ಆದೇಶ ಬೇಕಿಲ್ಲ, ಹೊಲದ ಬದುವಿನ ಮೇಲೆ ನಿಂತು ಆಡುವ ಎರಡು ಮಾತು ಬೇಕು.

ಪೆಟ್ಟಿಗೆ ಮತ್ತು ಜೇನು ಕುಟುಂಬಗಳಿಗೆ ತೋಟಗಾರಿಕೆ ಇಲಾಖೆಯು ಸಹಾಯಧನ ನೀಡುತ್ತ ಬಂದಿದೆ. ಪೆಟ್ಟಿಗೆ ಸಿಕ್ಕಿದ ಆರನೆಯ ತಿಂಗಳಲ್ಲಿ ರಾಣಿ ಕಾಣದಾದಾಗ ಯಾರನ್ನು ಕೇಳಬೇಕೆಂಬ ಪ್ರಶ್ನೆಗೆ ಸಹಾಯಧನದಲ್ಲಿ ಉತ್ತರವಿಲ್ಲ. ಧರ್ಮಕೇಂದ್ರಗಳು ಇಲ್ಲಿ ಉಪಕಾರಿಯಾಗಬಲ್ಲವು. ಪಾಸ್ಕ ಜಾಗರಣೆಯ ಲತೀನ್ ಘೋಷಗೀತೆಯಲ್ಲಿ ಮೇಣದ ಬತ್ತಿಯೊಡನೆ ಜೇನ್ನೊಣದ ದುಡಿಮೆಯೂ ಸ್ಮರಣೆಗೆ ಬರುತ್ತದೆ. ಜೇನುಗಾರರ ಪಾಲಕರಾದ ಸಂತ ಅಂಬ್ರೋಸರ ಹಬ್ಬ ಡಿಸೆಂಬರ್ 7ರಂದು. ಆ ಹಬ್ಬದ ಸಮೀಪದ ಭಾನುವಾರ ಬಲಿಪೂಜೆಯ ನಂತರ ಊರಿನ ಎಲ್ಲ ಮತದ ಜೇನುಗಾರರನ್ನೂ, ಅಕ್ಕಪಕ್ಕದ ಹೊಲದವರನ್ನೂ ಒಂದು ಗಂಟೆ ಕೂರಿಸಬಹುದು. ಯಾರ ತೋಟದಲ್ಲಿ ನೆರಳಿದೆ, ಜೇನು ತೆಗೆಯುವ ಯಂತ್ರವನ್ನು ಹತ್ತು ಮನೆಯವರು ಸೇರಿ ಕೊಳ್ಳಬಹುದೇ, ಬರುವ ಬೇಸಗೆಗೆ ಪೆಟ್ಟಿಗೆಗಳನ್ನು ಎಲ್ಲಿಗೆ ಸಾಗಿಸಬೇಕು ಎಂಬುದನ್ನು ಅಲ್ಲಿಯೇ ಬರೆದಿಟ್ಟುಕೊಳ್ಳಲಿ. ಬರುವವರು ಪ್ರಶ್ನೆಗಳನ್ನು ತರಲಿ. ಹಳೆಯ ಎರಿಗಳನ್ನು ಮಾತ್ರ ಮನೆಯಲ್ಲಿಯೇ ಬಿಟ್ಟುಬರಲಿ.