ಲಿನಕ್ಸ್‌ನಲ್ಲಿ ಹಾಡು ರೆಕಾರ್ಡ್ ಮಾಡೋಕೆ ಆಗತ್ತಾ?

ಈ ಸಂಚಿಕೆ ಜರ್ಮನಿಯ ಶ್ವೀಬರ್ಡಿಂಗೆನ್‌ನಿಂದ. ಸ್ಟುಟ್‌ಗಾರ್ಟ್ ಪಕ್ಕದ ಸಣ್ಣ ಊರು, ಬಾಷ್ ಕಂಪನಿಯ ದೊಡ್ಡ ಕೇಂದ್ರ ಇರುವ ಜಾಗ. ಹಾಗಾಗಿ ಬೆಂಗಳೂರಿನ ಎಷ್ಟೋ ಎಂಜಿನಿಯರುಗಳಿಗೆ ಈ ಹೆಸರು ಹೊಸದಲ್ಲ. ವಾರವೆಲ್ಲ ಆಫೀಸು, ಶನಿವಾರ ಬಂದರೆ ಮನೆಯಲ್ಲೇ ಮೈಕ್ ಇಟ್ಟುಕೊಂಡು ಹಾಡು, ಕೊಳಲು, ಮೃದಂಗ ರೆಕಾರ್ಡ್ ಮಾಡೋದು. ಇಂಥ ಕನ್ನಡದ ಮನೆಗಳು ಎಲ್ಲ ದೇಶಗಳಲ್ಲೂ ಇವೆ.

ಆ ಮನೆಗಳಿಗೆ ಈಗ ಒಂದು ತಾಪತ್ರಯ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ಹಳೆಯ ಲ್ಯಾಪ್‌ಟಾಪ್ ಚೆನ್ನಾಗಿಯೇ ಓಡ್ತಿದೆ, ಆದರೆ ವಿಂಡೋಸ್ 11 ಅದನ್ನು ಒಪ್ಪಲ್ಲ. ಲಿನಕ್ಸ್ ಹಾಕಿಬಿಡೋಣ ಅಂದರೆ, ಹತ್ತು ವರ್ಷದಿಂದ ಬಳಸಿದ ಸಂಗೀತದ ತಂತ್ರಾಂಶ ಅಲ್ಲಿ ತೆರೆಯಲ್ಲ. ಯಾಕೆ ಹೀಗೆ? ಇವತ್ತು ಅದನ್ನೇ ನೋಡೋಣ.

ಮೊದಲು ಸಮಯದ ಲೆಕ್ಕ. ಕಂಪ್ಯೂಟರು ಧ್ವನಿಯನ್ನು ಸೆಕೆಂಡಿಗೆ 48,000 ಸಲ ಅಳೆಯತ್ತೆ ಅಂದುಕೊಳ್ಳಿ. ಒಂದೊಂದನ್ನೇ ಸಂಸ್ಕರಿಸೋಕೆ ಆಗಲ್ಲ, ಅದಕ್ಕೆ 128 ಅಳತೆಗಳನ್ನು ಒಂದು ಕಂತಾಗಿ ಕಟ್ಟುತ್ತೆ. ಒಂದು ಕಂತು ಅಂದರೆ ಸುಮಾರು 2.7 ಮಿಲಿಸೆಕೆಂಡು. ಒಳಗೆ ಬರೋಕೆ ಒಂದು ಕಂತು, ಹೊರಗೆ ಹೋಗೋಕೆ ಇನ್ನೊಂದು, ಜೊತೆಗೆ ಉಪಕರಣದ್ದೇ ಸ್ವಲ್ಪ ವಿಳಂಬ. ಒಟ್ಟು 6 ಮಿಲಿಸೆಕೆಂಡು ಅಂತಿಟ್ಟುಕೊಳ್ಳಿ. ಗಾಳಿಯಲ್ಲಿ ಶಬ್ದ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗತ್ತೆ. ಅಂದರೆ ಮೃದಂಗದವರು ನಿಮ್ಮಿಂದ ಎರಡು ಮೀಟರ್ ದೂರ ಕೂತ ಹಾಗೆ. ಕಛೇರಿಯಲ್ಲಿ ಅದು ಮಾಮೂಲಿ, ಕಿವಿ ತಕರಾರು ಮಾಡಲ್ಲ.

ಕಷ್ಟ ಇರೋದು ಬೇರೆ ಕಡೆ. ಸೆಕೆಂಡಿಗೆ 375 ಕಂತು, ಹತ್ತು ನಿಮಿಷದ ಆಲಾಪನೆಗೆ 2,25,000. ಒಂದೇ ಒಂದು ಕಂತು ತಡವಾದರೂ ಹಾಡಿನ ಮಧ್ಯೆ 'ಟಪ್' ಅಂತ ಶಬ್ದ ಬರತ್ತೆ, ಆ ರೆಕಾರ್ಡಿಂಗ್ ಹಾಳು. ಜೀವವಿಜ್ಞಾನಿಗಳಾದ ನಮಗೆ ಇದು ಹೃದಯದ ಬಡಿತದ ಹಾಗೆ ಕಾಣತ್ತೆ. ನಿಮಿಷಕ್ಕೆ ಸರಾಸರಿ 72 ಇದ್ದರೆ ಸಾಲದು, ಪ್ರತಿ ಬಡಿತವೂ ಅದರದರ ಹೊತ್ತಿಗೆ ಬರಬೇಕು. ಇಲ್ಲಿಯೂ ವೇಗಕ್ಕಿಂತ ಗಡುವು ತಪ್ಪಿಸದಿರುವುದೇ ಮುಖ್ಯ.

ಲಿನಕ್ಸ್ ಇದನ್ನು ಕಲಿತದ್ದರಲ್ಲಿ ಈ ಸೀಮೆಯ ಪಾಲು ದೊಡ್ಡದು. ಇಲ್ಲಿಂದ ಪಶ್ಚಿಮಕ್ಕೆ ಕಾರ್ಲ್ಸ್‌ರೂಹೆ ನಗರ. ಅಲ್ಲಿನ ಝಡ್‌ಕೆಎಂ ಕಲಾ ಕೇಂದ್ರದಲ್ಲಿ 2003ರಲ್ಲಿ ಲಿನಕ್ಸ್ ಆಡಿಯೋ ಸಮ್ಮೇಳನ ಶುರುವಾಯ್ತು. ದಕ್ಷಿಣಕ್ಕೆ ಹೋದರೆ ಕಾನ್‌ಸ್ಟಾನ್ಸ್ ಸರೋವರದ ದಡದಲ್ಲಿ ಊಲ್ಡಿಂಗೆನ್. ಅಲ್ಲಿನ ಲಿನುಟ್ರಾನಿಕ್ಸ್ ಕಂಪನಿಯ ಥಾಮಸ್ ಗ್ಲೈಕ್ಸ್‌ನರ್ ಮತ್ತು ಸಂಗಡಿಗರು ಸುಮಾರು ಇಪ್ಪತ್ತು ವರ್ಷ ಪಟ್ಟುಹಿಡಿದು, ಲಿನಕ್ಸ್ ಕರ್ನಲ್ ಗಡುವಿಗೆ ಸರಿಯಾಗಿ ಉತ್ತರಿಸುವ ಹಾಗೆ ತಿದ್ದಿದರು. ಅವರ ಮುಂದಿದ್ದದ್ದು ಮುಖ್ಯವಾಗಿ ಕಾರ್ಖಾನೆಯ ಯಂತ್ರಗಳು. ಆದರೆ ರೋಬೋಟ್ ತೋಳಿಗೆ ಬೇಕಾದದ್ದೇ ವೀಣೆಗೂ ಬೇಕು. ಆ ಕೆಲಸ 2024ರ ನವೆಂಬರ್‌ನಲ್ಲಿ ಬಂದ ಕರ್ನಲ್ 6.12ರ ಹೊತ್ತಿಗೆ ಮೂಲ ಲಿನಕ್ಸ್‌ಗೇ ಸೇರಿತು.

ಹಾಗಾದರೆ ಅಡಿಪಾಯ ಗಟ್ಟಿಯಾಗಿದೆ. ಮತ್ತೆ ತಂತ್ರಾಂಶ ಯಾಕಿಲ್ಲ?

ಅತ್ತಿ ಹಣ್ಣು ಬಿಡಿಸಿದರೆ ಒಳಗೆ ಹುಳ ಇರತ್ತೆ ಅಂತ ನಮಗೆಲ್ಲ ಗೊತ್ತು. ಅತ್ತಿಯೊಳಗಿನ ಹೂವಿಗೆ ಪರಾಗಸ್ಪರ್ಶ ಮಾಡೋದು ಒಂದು ಪುಟ್ಟ ಕಣಜ. ಆ ಕಣಜ ಮೊಟ್ಟೆ ಇಡೋಕೆ ಅತ್ತಿಯೇ ಬೇಕು. ಕಣಜ ಇಲ್ಲದ ಕಡೆ ಅತ್ತಿ ಬೀಜ ಕಟ್ಟಲ್ಲ, ಅತ್ತಿ ಇಲ್ಲದ ಕಡೆ ಕಣಜ ಬದುಕಲ್ಲ. ಬಳಕೆದಾರರು ಕಡಿಮೆ ಅಂತ ಕಂಪನಿಗಳು ಬರಲ್ಲ, ತಂತ್ರಾಂಶ ಇಲ್ಲ ಅಂತ ಸಂಗೀತಗಾರರು ಬರಲ್ಲ. ಇದರ ಮೇಲೆ ನಕಲು ತಡೆಯುವ ಬೀಗಗಳು. ಎಷ್ಟೋ ಪ್ಲಗಿನ್‌ಗಳ ಬೀಗ ಲಿನಕ್ಸ್‌ನಲ್ಲಿ ನಡೆಯೋದೇ ಇಲ್ಲ. ತಮಾಷೆ ಅಂದರೆ, ಏಬಲ್ಟನ್ ಕಂಪನಿಯ ಲೈವ್ ತಂತ್ರಾಂಶಕ್ಕೆ ಲಿನಕ್ಸ್ ಆವೃತ್ತಿ ಇಲ್ಲ, ಆದರೆ 2023ರಲ್ಲಿ ಅವರು ತಂದ, ಕಂಪ್ಯೂಟರ್ ಬೇಡದ ಪುಶ್ 3 ವಾದ್ಯದ ಒಳಗೆ ಓಡೋದು ಲಿನಕ್ಸೇ!

ಆದರೂ ಕೊಂಡಿ ಬೆಳೀತಾ ಇದೆ. ಬರ್ಲಿನ್‌ನ ಬಿಟ್‌ವಿಗ್ ಸ್ಟುಡಿಯೋ 2014ರಲ್ಲಿ ಬಂದಾಗಲೇ ಲಿನಕ್ಸ್‌ಗೂ ಬಂತು. ರೀಪರ್‌ಗೆ ಲಿನಕ್ಸ್ ಆವೃತ್ತಿ ಇದೆ. ಆರ್ಡರ್ ಹುಟ್ಟಿದ್ದೇ ಲಿನಕ್ಸ್‌ನಲ್ಲಿ. 2022ರಲ್ಲಿ ಬಿಟ್‌ವಿಗ್ ಮತ್ತು ಯು-ಹೆ ಸೇರಿ ಕ್ಲ್ಯಾಪ್ ಅನ್ನುವ ಮುಕ್ತ ಪ್ಲಗಿನ್ ಮಾದರಿ ತಂದವು, ಅದನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದು. ವಿಂಡೋಸ್ ಪ್ಲಗಿನ್ ಬಿಡೋಕೇ ಆಗದವರಿಗೆ ವೈನ್ ಮತ್ತು ಯಾಬ್ರಿಜ್ ಎಂಬ ಸೇತುವೆ ಉಂಟು. ಕೆಲವು ಪ್ಲಗಿನ್ ದಾಟುತ್ತವೆ, ಕೆಲವು ಬೀಗದ ಹತ್ತಿರವೇ ನಿಲ್ಲುತ್ತವೆ. ನಮ್ಮ ಸಂಗೀತಕ್ಕೆ ಇನ್ನೊಂದು ಅನುಕೂಲ: ಸರ್ಜ್ ಎಕ್ಸ್‌ಟಿ ಎಂಬ ಮುಕ್ತ ಸಿಂಥಸೈಜರ್‌ನಲ್ಲಿ ಪಿಯಾನೋದ ಹನ್ನೆರಡು ಸಮ ಸ್ವರಗಳಿಗೇ ಅಂಟಿಕೊಳ್ಳಬೇಕಿಲ್ಲ, ನಮಗೆ ಬೇಕಾದ ಶ್ರುತಿಸ್ಥಾನಗಳನ್ನು ಕೂಡಿಸಿಕೊಳ್ಳಬಹುದು.

ಬದಲಾಯಿಸೋ ಯೋಚನೆ ಇದ್ದರೆ ಮೂರು ಮಾತು. ಒಂದು, ಹಳೆಯ ವ್ಯವಸ್ಥೆ ಅಳಿಸೋ ಮೊದಲು ಪ್ರತಿ ಹಾಡಿನ ಒಂದೊಂದು ಪದರವನ್ನೂ ಬೇರೆ ಬೇರೆ ವೇವ್ ಫೈಲ್ ಆಗಿ ಉಳಿಸಿ. ತಂತ್ರಾಂಶದ ಸ್ವಂತ ಪ್ರಾಜೆಕ್ಟ್ ಫೈಲ್ ನಾಳೆ ತೆರೆಯದೇ ಹೋಗಬಹುದು, ವೇವ್ ಎಲ್ಲ ಕಡೆ ತೆರೆಯತ್ತೆ. ಎರಡು, ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಓಡಿಸಿ, ನಿಮ್ಮ ಆಡಿಯೋ ಇಂಟರ್‌ಫೇಸ್ ಕೆಲಸ ಮಾಡತ್ತಾ ನೋಡಿ. ಬೇರೆ ಡ್ರೈವರ್ ಕೇಳದ ಯುಎಸ್‌ಬಿ ಉಪಕರಣಗಳು ಸಾಮಾನ್ಯವಾಗಿ ನಡೆಯುತ್ತವೆ. ಮೂರು, ನಿಮ್ಮ ಜೀವನೋಪಾಯವೇ ಒಂದು ನಿರ್ದಿಷ್ಟ ಪ್ಲಗಿನ್ ಮೇಲಿದ್ದರೆ ಅವಸರ ಬೇಡ, ಆ ಯಂತ್ರವನ್ನು ಇಂಟರ್‌ನೆಟ್‌ಗೆ ಜೋಡಿಸದೆ ಹಾಗೇ ಇಟ್ಟುಕೊಳ್ಳಿ.

ಇದೆಲ್ಲ ಯಾಕೆ ಮುಖ್ಯ ಅಂದರೆ, ಎಷ್ಟೋ ಮನೆಗಳ ಹಾರ್ಡ್‌ಡಿಸ್ಕ್‌ನಲ್ಲಿ ಈಗಿಲ್ಲದ ಅಜ್ಜಿಯ ಸೋಬಾನೆ ಪದ ಇರತ್ತೆ, ಮಕ್ಕಳ ಮೊದಲ ಗೀತೆ ಇರತ್ತೆ. ಅದನ್ನು ತೆರೆಯುವ ಕೀಲಿ ಒಂದೇ ಕಂಪನಿಯ ಕೈಯಲ್ಲಿದ್ದರೆ, ಆ ಕಂಪನಿ ತೀರ್ಮಾನಿಸಿದ ದಿನ ಹಾಡು ಮೌನ ಆಗತ್ತೆ. ಲಿನಕ್ಸ್ ಬಳಸ್ತೀರೋ ಇಲ್ಲವೋ ನಿಮಗೆ ಬಿಟ್ಟದ್ದು. ಆ ವೇವ್ ಫೈಲ್‌ಗಳನ್ನು ಮಾತ್ರ ಈ ವಾರವೇ ಉಳಿಸಿಬಿಡಿ.