ನಡು ತಪ್ಪಿದ ರಾಟೆ

ಬಿಲ್ಲಿನ ಟಂಕಾರಕ್ಕೆ ಶತ್ರುಗಳ ಎದೆ ನಡುಗಿತು ಎಂದು ನಮ್ಮ ಪುರಾಣದ ಕತೆಗಳು ಹೇಳುತ್ತವೆ. ಬಿಲ್ಲು ಹಿಡಿದು ಬೇಟೆಗೆ ಹೋದವರ ಪಾಲಿಗೆ ಮಾತ್ರ ಆ ಟಂಕಾರವೇ ಶತ್ರು. ಇಪ್ಪತ್ತು ಗಜದಾಚೆ ನಿಂತ ಬಿಳಿಬಾಲದ ಜಿಂಕೆಗೆ ಬಾಣಕ್ಕಿಂತ ಮೊದಲೇ ಹೆದೆಯ ಸದ್ದು ಮುಟ್ಟುತ್ತದೆ. ನೆಗೆಯುವುದಕ್ಕೆಂದು ಅದು ಕಾಲು ಮಡಿಸಿ ಮೈ ತಗ್ಗಿಸುತ್ತದೆ. ಬಾಣ ಬೆನ್ನ ಮೇಲಿಂದ ಹಾದುಹೋಗುತ್ತದೆ. ಹಾದುಹೋದರೆ ಪುಣ್ಯ. ತಾಗಬಾರದ ಕಡೆ ತಾಗಿದರೆ ಆ ಜೀವ ಗಾಯ ಹೊತ್ತು ಕಾಡು ಸೇರುತ್ತದೆ.

ಅಮೆರಿಕದ ಮಿಸೌರಿ ರಾಜ್ಯದ ಹೋಲಿಸ್ ವಿಲ್ಬರ್ ಅಲೆನ್ ಅವರನ್ನು 1960ರ ದಶಕದಲ್ಲಿ ಕಾಡಿದ್ದು ಇದೇ ಸಂಗತಿ. ಅವರ ಕೈಯಲ್ಲಿದ್ದದ್ದು ತುದಿಗಳು ಹಿಂದಕ್ಕೆ ಬಾಗಿದ ರಿಕರ್ವ್ ಬಿಲ್ಲು. ಬಾಣ ಇನ್ನಷ್ಟು ಬೇಗ ಹೋಗಬೇಕು, ಜಿಂಕೆ ಅಲುಗುವ ಮೊದಲೇ ಗುರಿ ಮುಟ್ಟಬೇಕು ಎಂಬುದು ಅವರ ಹಂಬಲ. ಹಾಗೆಂದು ಬಿಲ್ಲನ್ನು ಸುಮ್ಮನೆ ಗಟ್ಟಿ ಮಾಡುವಂತಿರಲಿಲ್ಲ. ಸಾದಾ ಬಿಲ್ಲು ಎಳೆದಷ್ಟೂ ಭಾರವಾಗುತ್ತದೆ. ಹೆದೆ ಕೆನ್ನೆಗೆ ಬಂದು, ಕಣ್ಣು ಗುರಿಯ ಮೇಲೆ ನಿಂತು, ಮೈಯೆಲ್ಲ ಕಲ್ಲಿನಂತೆ ಇರಬೇಕಾದ ಗಳಿಗೆಯಲ್ಲೇ ತೋಳು ಅತಿ ಹೆಚ್ಚು ಭಾರ ಹೊತ್ತು ನಡುಗುತ್ತಿರುತ್ತದೆ. ಮನುಷ್ಯ ಬಿಲ್ಲು ಮಾಡಲು ಕಲಿತು ಸಾವಿರಾರು ವರ್ಷ ಕಳೆದರೂ ಈ ಕಷ್ಟ ಹಾಗೇ ಉಳಿದಿತ್ತು.

ಅಲೆನ್ ತಮ್ಮ ರಿಕರ್ವ್ ಬಿಲ್ಲಿನ ಎರಡೂ ತುದಿಗಳನ್ನು ಗರಗಸದಲ್ಲಿ ಕೊಯ್ದು, ಅಲ್ಲಿ ರಾಟೆಗಳನ್ನು ಕೂರಿಸಿದರು. ಭಾರ ಎತ್ತುವವರು ರಾಟೆಯಿಂದ ರಾಟೆಗೆ ಹಗ್ಗ ಹಾಯಿಸಿ ಬಲ ಕೂಡಿಸಿಕೊಳ್ಳುವ ಹಳೆಯ ಉಪಾಯವನ್ನೇ ಬಿಲ್ಲಿಗೆ ತರುವ ಯತ್ನ ಅದು. ರಾಟೆಯ ನಡುವಿನಲ್ಲೇ ಅಚ್ಚು ಇದ್ದಷ್ಟು ದಿನ ಅದು ಫಲ ಕೊಡಲಿಲ್ಲ. ಆಮೇಲೆ ಅವರು ಅಚ್ಚಿನ ತೂತನ್ನು ನಡುವಿನಿಂದ ಸರಿಸಿ ಪಕ್ಕದಲ್ಲಿ ಕೊರೆದರು. ಬಿಲ್ಲಿನ ಚರಿತ್ರೆ ತಿರುಗಿದ್ದು ಆ ತೂತಿನ ಸುತ್ತ.

ನಮ್ಮ ಹಿತ್ತಲ ಬಾವಿಯ ರಾಟೆಯನ್ನು ನೆನೆಯಿರಿ. ಅಚ್ಚು ನಟ್ಟನಡುವೆ ಇರುವುದರಿಂದ ಕೊಡ ಎಲ್ಲಿದ್ದರೂ ಭಾರ ಒಂದೇ. ಅಚ್ಚು ಪಕ್ಕಕ್ಕೆ ಸರಿದರೆ ಗಾಲಿ ತಿರುಗುತ್ತ ಹೋದಂತೆ ಒಂದು ಬದಿ ಉದ್ದವಾಗುತ್ತದೆ, ಇನ್ನೊಂದು ಬದಿ ಗಿಡ್ಡವಾಗುತ್ತದೆ. ಅಂದರೆ ಅದು ತಿರುಗುವ ಸನ್ನೆಗೋಲಾಗುತ್ತದೆ. ಅಲೆನ್ ಅವರ ಬಿಲ್ಲಿನಲ್ಲಿ ಗಾಲಿಯ ಒಂದು ಬದಿಗೆ ಹೆದೆ, ಇನ್ನೊಂದು ಬದಿಗೆ ಎದುರು ತುದಿಯ ರೆಕ್ಕೆಯನ್ನು, ಅಂದರೆ ಬಿಲ್ಲಿನ ಬಾಗುವ ಭಾಗವನ್ನು, ಬಗ್ಗಿಸುವ ತಂತಿ. ಎಳೆಯಲು ತೊಡಗಿದಾಗ ಭಾರ ಬೇಗ ಏರುತ್ತದೆ. ಕೊನೆಗೆ ಬರುವಾಗ ಗಾಲಿ ಹೊರಳಿ, ಹೆದೆಯ ಕಡೆಯ ತೋಳು ಉದ್ದವಾಗಿ ತಂತಿಯ ಕಡೆಯದು ಗಿಡ್ಡವಾಗುತ್ತದೆ. ರೆಕ್ಕೆಗಳು ಪೂರಾ ಬಗ್ಗಿ ಬಲ ತುಂಬಿಕೊಂಡಿದ್ದರೂ ಬೆರಳಿಗೆ ತಗಲುವ ಭಾರ ಥಟ್ಟನೆ ಇಳಿಯುತ್ತದೆ. ಉದ್ದದ ಏತದ ತುದಿಯಲ್ಲಿ ಬಡಕಲು ಮೈಯವನೂ ನೀರೆತ್ತಿದ ಹಾಗೆ.

1966ರ ಜೂನ್‌ನಲ್ಲಿ ಅಲೆನ್ ಪೇಟೆಂಟಿಗೆ ಅರ್ಜಿ ಹಾಕಿದರು. 1969ರ ಡಿಸೆಂಬರ್‌ನಲ್ಲಿ 3,486,495 ಎಂಬ ಸಂಖ್ಯೆಯ ಪೇಟೆಂಟ್ ಕೈಸೇರಿತು. ಈ ಬಿಲ್ಲಿನ ಬೆಲೆ ಕಂಡವರಲ್ಲಿ ಕ್ಯಾಲಿಫೋರ್ನಿಯಾದ ಬಿಲ್ಲು ತಯಾರಕ ಟಾಮ್ ಜೆನ್ನಿಂಗ್ಸ್ ಮೊದಲಿಗರು. ಅಲೆನ್ ಅವರಿಂದ ಪರವಾನಗಿ ಪಡೆದು ಇದನ್ನು ಮಾರುಕಟ್ಟೆಗೆ ತಂದವರು ಅವರೇ. ಅಲೆನ್ 1979ರಲ್ಲಿ ತೀರಿಕೊಳ್ಳುವ ಹೊತ್ತಿಗೆ, ಕಾಂಪೌಂಡ್ ಬಿಲ್ಲು ಎಂದು ಹೆಸರಾದ ಅವರ ಈ ಬಿಲ್ಲು ಅಮೆರಿಕದ ಬೇಟೆಗಾರರ ನಡುವೆ ಬೇರು ಬಿಟ್ಟಿತ್ತು.

ಈ ಕತೆಯಲ್ಲಿ ನನಗೆ ಹೆಚ್ಚಿನದಾಗಿ ಕಾಣುವುದು ಬೇರೊಂದು ಮಾತು. ಅಲೆನ್ ಹೊರಟದ್ದು ವೇಗಕ್ಕೆ. ವೇಗ ಸಿಕ್ಕಿತು ನಿಜ, ಆದರೆ ವೇಗದಿಂದ ಸದ್ದನ್ನು ಸೋಲಿಸಲಾಗುವುದಿಲ್ಲ. ಸದ್ದು ಸೆಕೆಂಡಿಗೆ ಸುಮಾರು 1,100 ಅಡಿ ಓಡುತ್ತದೆ. ಇಪ್ಪತ್ತು ಗಜವನ್ನು, ಅಂದರೆ 60 ಅಡಿಯನ್ನು, ಸೆಕೆಂಡಿನ ಸುಮಾರು ಇಪ್ಪತ್ತನೇ ಒಂದು ಪಾಲಿನಲ್ಲಿ ದಾಟುತ್ತದೆ. 180 ಅಡಿ ವೇಗದ ಬಾಣಕ್ಕೆ ಆ ದೂರಕ್ಕೆ ಸೆಕೆಂಡಿನ ಮೂರನೇ ಒಂದು ಪಾಲು ಬೇಕು. 260 ಅಡಿ ವೇಗದ್ದಕ್ಕೂ ಕಾಲು ಸೆಕೆಂಡಿನ ಹತ್ತಿರ ಹಿಡಿಯುತ್ತದೆ. ಜಿಂಕೆಯ ಕಿವಿ ಈಗಲೂ ಮುಂದೆಯೇ. ನಡು ತಪ್ಪಿದ ರಾಟೆ ನಿಜಕ್ಕೂ ಕೊಟ್ಟದ್ದು ನಿಲುಗಡೆಯನ್ನು. ಪೂರ್ತಿ ಎಳೆದ ಮೇಲೂ ಉಸಿರು ಹಿಡಿತದಲ್ಲಿಟ್ಟುಕೊಂಡು ಕಾಯುವ ಬಿಡುವನ್ನು.

ಬಿಲ್ಲುಬೇಟೆಗೆ ಹೊಸದಾಗಿ ಇಳಿಯುವ ಹೆಣ್ಣುಮಗಳು ಇಂಥ ಬಿಲ್ಲು ಕೊಳ್ಳಲು ಅಮೆರಿಕದ ಒಂದು ಬಿಲ್ಲಿನ ಅಂಗಡಿಗೆ ಕಾಲಿಟ್ಟಾಗ ಅವಳ ಕಣ್ಣಿಗೆ ಮೊದಲು ಬೀಳುವುದು ಮಾತ್ರ ವೇಗದ ಅಂಕಿ. ಆ ಅಂಕಿ ಅವಳದಲ್ಲ. ಅದನ್ನು ಅಳೆಯುವುದು 70 ಪೌಂಡ್ ಸೆಳೆತ, 30 ಇಂಚು ಎಳೆತ, 350 ಗ್ರೇನ್ ತೂಕದ ಬಾಣ ಇಟ್ಟುಕೊಂಡು. ಅದು ಎತ್ತರದ ಗಂಡಸಿನ ಮೈಕಟ್ಟು. ಎಳೆತ ಒಂದು ಇಂಚು ಕಡಿಮೆಯಾದರೆ ಸೆಕೆಂಡಿಗೆ ಸುಮಾರು 10 ಅಡಿ ವೇಗ ಕಡಿಮೆಯಾಗುತ್ತದೆ ಎಂಬುದು ಬಿಲ್ಲಿನವರ ಅಂದಾಜು.

ಆದ್ದರಿಂದ ಅವಳು ಅಳೆಯಬೇಕಾದದ್ದು ಮೊದಲು ತನ್ನನ್ನು. ಗೋಡೆಗೆ ಬೆನ್ನು ಕೊಟ್ಟು, ಎರಡೂ ತೋಳು ಚಾಚಿ, ಈ ನಡುಬೆರಳ ತುದಿಯಿಂದ ಆ ನಡುಬೆರಳ ತುದಿಗೆ ಎಷ್ಟು ಇಂಚು ಎಂದು ನೋಡಿ 2.5ರಿಂದ ಭಾಗಿಸಬೇಕು. 64 ಇಂಚು ಬಂದರೆ ಅವಳ ಎಳೆತದ ಉದ್ದ 25.5 ಇಂಚಿನ ಆಸುಪಾಸು. ಗಾಲಿ ಹೊರಳಿ ಭಾರ ಇಳಿಯುವ ಜಾಗ ಎಲ್ಲಿ ಬರಬೇಕೆಂದು ತೀರ್ಮಾನಿಸುವುದು ಇದೇ ಅಳತೆ. ಬಿಲ್ಲಿನ ಎಳೆತ ಅವಳಿಗೆ ಉದ್ದವಾದರೆ ಮೈ ಹಿಂದಕ್ಕೆ ವಾಲುತ್ತದೆ, ಹೆದೆ ಮುಂದೋಳಿಗೆ ಬಡಿದು ಬಾಸುಂಡೆ ಏಳುತ್ತದೆ. ಗಂಡನದೋ ಅಣ್ಣನದೋ ಹಳೆಯ ಬಿಲ್ಲನ್ನು ಹೆಣ್ಣುಮಗಳ ಕೈಗೆ ಕೊಟ್ಟು, ಇದು ಅವಳಿಂದಾಗದ ಕೆಲಸ ಎಂದುಬಿಡುವುದು ದೊಡ್ಡ ಅನ್ಯಾಯ. ಆಗದಿರುವುದು ಅವಳಿಗಲ್ಲ, ಆ ಅಳತೆಗೆ.

ಎರಡನೆಯದು ಕಣ್ಣು. ದೂರದ ಒಂದು ವಸ್ತುವನ್ನು ಎರಡೂ ಅಂಗೈಗಳ ನಡುವಿನ ಸಣ್ಣ ಕಿಂಡಿಯಿಂದ ನೋಡಿ, ಒಂದೊಂದೇ ಕಣ್ಣು ಮುಚ್ಚಬೇಕು. ಯಾವ ಕಣ್ಣಿಗೆ ಆ ವಸ್ತು ಕಿಂಡಿಯಲ್ಲೇ ಉಳಿಯುತ್ತದೋ ಅದೇ ಮುಂದಾಳು. ಬಲಗೈಯವಳಿಗೆ ಎಡಗಣ್ಣು ಮುಂದಾಳಾದರೆ ಎಡಗೈ ಬಿಲ್ಲನ್ನೂ ಹಿಡಿದು ನೋಡುವುದು ಒಳ್ಳೆಯದು.

ಮೂರನೆಯದು ಸೆಳೆತದ ತೂಕ. ಜಿಂಕೆ ಬೇಟೆಗೆ ವಿಸ್ಕಾನ್ಸಿನ್, ಮಿನ್ನೆಸೋಟ ರಾಜ್ಯಗಳ ಕಾನೂನು ಕನಿಷ್ಠ 30 ಪೌಂಡ್ ಕೇಳುತ್ತದೆ, ಕೊಲರಾಡೊ 35. ಕೊನೆಯಲ್ಲಿ ಇಳಿಯುವ ಭಾರದ ಪಾಲಿಗೆ ಲೆಟ್-ಆಫ್ ಎನ್ನುತ್ತಾರೆ; 40 ಪೌಂಡ್ ಬಿಲ್ಲಿಗೆ ಅದು ಶೇಕಡಾ 80 ಇದ್ದರೆ ಪೂರ್ತಿ ಎಳೆದ ಮೇಲೆ ಬೆರಳಿಗೆ ಉಳಿಯುವುದು 8 ಪೌಂಡ್, ಅಂದರೆ ನಾಲ್ಕು ಕಿಲೋಗೂ ಕಡಿಮೆ. ಸೆಳೆತದ ತೂಕವನ್ನೂ ಎಳೆತದ ಉದ್ದವನ್ನೂ ಹೆಚ್ಚುಕಡಿಮೆ ಮಾಡಬಲ್ಲ ಬಿಲ್ಲುಗಳಿವೆ. ಮೊದಲ ಬಿಲ್ಲಾಗಿ ಅಂಥದ್ದೇ ಸರಿ. ಭುಜ ಗಟ್ಟಿಯಾದಂತೆ ಬಿಲ್ಲೂ ಅವಳ ಜತೆ ಬೆಳೆಯುತ್ತದೆ. ಕಡಿಮೆ ಸೆಳೆತಕ್ಕೆ ಸ್ವಲ್ಪ ಭಾರದ ಬಾಣ, ಕ್ಷೌರದ ಕತ್ತಿಯಷ್ಟು ಹರಿತವಾದ ಅಲಗು, ಹತ್ತಿರದ ಗುರಿ, ಇವು ಜೋಡಿ. ಭಾರದ ಬಾಣದಿಂದ ಬಿಲ್ಲಿನ ಸದ್ದೂ ತಗ್ಗುತ್ತದೆ. ಬಾಣ ಹೂಡದೆ ಹೆದೆ ಬಿಡುವುದನ್ನು ಮಾತ್ರ ತಮಾಷೆಗೂ ಮಾಡಬಾರದು. ಬಾಣಕ್ಕೆ ಹೋಗಬೇಕಾದ ಬಲವೆಲ್ಲ ಬಿಲ್ಲಿಗೇ ತಿರುಗಿ ಅದು ಸಿಡಿಯಬಹುದು.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ತಡೆ ಹಾಕಿತು, ಹಾಕಬೇಕಾದದ್ದೇ. ಅಲೆನ್ ಅವರ ಬಿಲ್ಲು ನಮ್ಮಲ್ಲಿಗೆ ಬಂದದ್ದು ಆಟದ ಬಯಲಿಗೆ. 2023ರಲ್ಲಿ ಬರ್ಲಿನ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಜ್ಯೋತಿ ಸುರೇಖಾ, ಅದಿತಿ ಸ್ವಾಮಿ, ಪರ್ಣೀತ್ ಕೌರ್ ಭಾರತಕ್ಕೆ ಚಿನ್ನ ತಂದದ್ದು ಕಾಂಪೌಂಡ್ ಬಿಲ್ಲಿನಿಂದಲೇ. ತೋಳುಗಳಿಲ್ಲದೆ ಹುಟ್ಟಿದ ಶೀತಲ್ ದೇವಿ ಕಾಲಿನಲ್ಲಿ ಬಿಲ್ಲು ಹಿಡಿದು ಭುಜದಿಂದ ಹೆದೆ ಎಳೆದು 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಮಿಶ್ರ ತಂಡದ ಕಂಚು ಗೆದ್ದರು. ಕೊನೆಯಲ್ಲಿ ಭಾರ ಇಳಿಸಿಕೊಡುವ ಈ ಗಾಲಿಯ ಗುಣ ಎಷ್ಟು ದೊಡ್ಡದೆಂದು ಅವರನ್ನು ನೋಡಿದಾಗ ತಿಳಿಯುತ್ತದೆ.

ಮತ್ತೆ ಆ ಅಂಗಡಿಗೆ ಬರೋಣ. ಕೊನೆಯ ಪರೀಕ್ಷೆಗೆ ಒಂದು ಕುರ್ಚಿ ಸಾಕು. ಅವಳು ಕುಳಿತು, ಬಾಣ ಹೂಡಿ, ಗುರಿಯ ಕಡೆಗೇ ಬಿಲ್ಲು ಹಿಡಿದು ನೇರ ಹಿಂದಕ್ಕೆ ಎಳೆಯಲಿ. ಬಿಲ್ಲನ್ನು ಆಕಾಶಕ್ಕೆ ಎತ್ತಿ ಎಳೆಯಬೇಕಾಗಿ ಬಂದರೆ ತೂಕ ಹೆಚ್ಚಾಯಿತೆಂದೇ ಅರ್ಥ. ಭಾರ ಏರುತ್ತದೆ, ಏರುತ್ತದೆ, ಆಮೇಲೆ ಒಮ್ಮೆಗೇ ಇಳಿಯುತ್ತದೆ. ಅಲೆನ್ ಕಂಡುಕೊಂಡದ್ದನ್ನು ಅವಳ ಭುಜ ಆ ಕ್ಷಣ ತಾನೇ ಕಂಡುಕೊಳ್ಳುತ್ತದೆ. ಅಲ್ಲೇ ಮೂವತ್ತು ಎಣಿಸಲಿ. ಆಮೇಲೆ ಬಾಣ ಬಿಡದೆ, ಹೆದೆಯನ್ನು ನಿಧಾನವಾಗಿ ಮುಂದಕ್ಕೆ ಇಳಿಸಲಿ.

ಆ ಇಳಿಸುವಿಕೆ ಕಾಡಿನಲ್ಲಿ ಮತ್ತೆ ಮತ್ತೆ ಬೇಕಾಗುತ್ತದೆ. ಜಿಂಕೆ ಓರೆಯಾಗಿ ನಿಂತೀತು, ನಡುವೆ ಕೊಂಬೆಯೊಂದು ಅಡ್ಡ ಬಂದೀತು, ಹಿಂದೆ ಮರಿ ಕಾಣಿಸೀತು. ತೋಳು ಸೋತವರು ಭಾರ ತಾಳಲಾರದೆ ಬಿಟ್ಟುಬಿಡುತ್ತಾರೆ. ಕಾಯುವ ಶಕ್ತಿ ಇದ್ದವಳು ಬೇಡವೆಂದುಕೊಂಡು ಬಿಲ್ಲು ಇಳಿಸಬಲ್ಲಳು. ಹಾಗೆ ಇಳಿಸಲು ಬರುವ ಬಿಲ್ಲು ಯಾವುದೋ ಅದೇ ಅವಳ ಮೊದಲ ಬಿಲ್ಲಾಗಲಿ.